ಸೂಲಗಿತ್ತಿಯ ವಯಸ್ಸು

ವೃದ್ಧಾಪ್ಯ ವೇತನ ಕೇಳಿಕೊಂಡು ಸೂಲಗಿತ್ತಿ ಪುಟ್ಟಲಿಂಗಮ್ಮ ತಾಲ್ಲೂಕು ಕಚೇರಿಗೆ ಬಂದದ್ದು ಇದು ನಾಲ್ಕನೇ ಸಲ.

“ದಾಖಲೆ ಎಲ್ಲಮ್ಮಾ? ನಿನಗೆ ಅರವತ್ತಾಗಿದೆ ಅಂತ ನಾನು ಹೇಗೆ ನಂಬಲಿ?” ಎಂದು ಶಿರಸ್ತೇದಾರರು ಗುಡುಗಿದರು.

“ನಿಮಗೆಷ್ಟು ವಯಸ್ಸು ಸ್ವಾಮಿ?”

“ಐವತ್ತೊಂಬತ್ತು. ಬರೋ ವರ್ಷ ನಿವೃತ್ತಿ. ನನ್ನ ಪಿಂಚಣಿ ಕಾಗದ ಎಲ್ಲ ಸಿದ್ಧ!” ಎಂದು ಅವರು ಮೀಸೆ ತಿರುವಿದರು.

“ಹಾಗಾದ್ರೆ ಬರ್ಕೊಳ್ಳಿ. ನಿಮ್ಮ ತಾಯಿ ಕೆಂಪಾಜಮ್ಮನ ಹೆರಿಗೆ ಮಾಡಿಸಿ, ನಿಮ್ಮ ಹೊಕ್ಕುಳಬಳ್ಳಿ ಕೊಯ್ದವಳು ನಾನು. ನನಗಿನ್ನೂ ಅರವತ್ತಾಗಿಲ್ಲ ಅಂದ್ರೆ, ತೊಟ್ಟಿಲಲ್ಲಿ ಮಲಗಿಕೊಂಡೇ ಹೆರಿಗೆ ಮಾಡಿಸಿದ್ಲು ಅಂತಲೂ ಬರ್ಕೊಳ್ಳಿ.”

ಕಚೇರಿಯೆಲ್ಲ ಗೊಳ್ಳೆಂದಿತು. ಶಿರಸ್ತೇದಾರರು ಎದ್ದು, ಅವಳನ್ನು ತಮ್ಮ ಕುರ್ಚಿಯಲ್ಲೇ ಕೂರಿಸಿ, ನಿಂತುಕೊಂಡೇ ಸಹಿ ಹಾಕಿದರು.

“ತಪ್ಪಾಯ್ತಜ್ಜಿ, ತುಂಬಾ ಕಾಯಿಸಿಬಿಟ್ಟೆ.”

ಪುಟ್ಟಲಿಂಗಮ್ಮ ಅವರ ಗಲ್ಲ ಸವರಿದಳು. “ಇರಲಿ ಬಿಡು ಮಗಾ. ಹುಟ್ಟುವಾಗಲೂ ನನ್ನನ್ನ ಮೂರು ದಿನ ಕಾಯಿಸಿದ್ದೆ ನೀನು.”