ತೂಗುಮಣೆಯ ಬಣ್ಣ ಕದ್ದವರು ಯಾರು

ಯಾವ ಸೀಮೆ ಅಂತ ಕೇಳಬೇಡಿ, ಎಲ್ಲೋ ಒಂದು ಊರಿತ್ತಂತೆ. ಆ ಊರಿಗೆ ಬೊಮ್ಮರಾಯ ಅಂತ ಒಬ್ಬ ದೊರೆ. ದೊರೆ ಕೆಟ್ಟವನಲ್ಲ, ಆದರೆ ಅನುಮಾನದವನು. ಎಷ್ಟು ಅನುಮಾನ ಅಂದರೆ, ಸಾರಿಗೆ ಉಪ್ಪು ಹೆಚ್ಚಾದರೆ "ಯಾಕೆ ಹೆಚ್ಚಾಯಿತು?" ಅಂತ ಕೇಳುತ್ತಿದ್ದನಂತೆ. ಉಪ್ಪು ಸರಿಯಾಗಿದ್ದರೆ "ಇವತ್ತು ಯಾಕೆ ಸರಿಯಾಗಿದೆ?" ಅಂತ ಕೇಳುತ್ತಿದ್ದನಂತೆ.

ಒಂದು ಸಲ ಹಡಗಿನ ವ್ಯಾಪಾರಿಯೊಬ್ಬ ಆ ದೊರೆಗೆ ಒಂದು ಮರದ ದಿಮ್ಮಿ ಕಾಣಿಕೆ ಕೊಟ್ಟ. ಸಮುದ್ರದಾಚೆಯ ಮರ. ತೇಗವಲ್ಲ, ಬೀಟೆಯಲ್ಲ, ಹೊನ್ನೆಯಲ್ಲ. ಕಲ್ಲಿನಷ್ಟು ಗಟ್ಟಿ. ಕುಯ್ದರೆ ಒಳಗೆ ಕೆಂಪು, ಆಗತಾನೇ ಎಲೆಅಡಿಕೆ ಹಾಕಿದ ನಾಲಿಗೆಯಂಥ ಕೆಂಪು.

ದೊರೆ ಊರಿನ ಬಡಗಿ ಕಾಳಾಚಾರಿಯನ್ನು ಕರೆಸಿ, "ರಾಣಿಗೆ ಇದರಲ್ಲಿ ಒಂದು ತೂಗುಮಣೆ ಮಾಡು" ಅಂದ. ತೂಗುಮಣೆ ಅಂದರೆ ಕೊಂಬೆಗೆ ಹಗ್ಗ ಕಟ್ಟುವ ಜೋಕಾಲಿ ಅಲ್ಲ. ಮನೆಯೊಳಗೆ ತೊಲೆಯಿಂದ ಹಿತ್ತಾಳೆ ಸರಪಳಿ ಇಳಿಬಿಟ್ಟು ಕಟ್ಟುವ ಅಗಲವಾದ ಹಲಗೆ. ಹಲಗೆ ಅಂದ ಮೇಲೆ ಅದಕ್ಕೆ ಮೇಲುಮೈ ಒಂದು, ಕೆಳಮೈ ಒಂದು ಇರುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತೇ, ಆದರೂ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಳಾಚಾರಿ ಹಲಗೆ ಮಾಡಿದ. ಎರಡೂ ಮೈ ನುಣ್ಣಗೆ ಉಜ್ಜಿ, ಎಣ್ಣೆ ಕುಡಿಸಿ, ಮೇಲೆ ತೆಳ್ಳಗೆ ಅರಗಿನ ಹೊಳಪು ಬಳಿದ. ಒಳಮನೆಯ ಕತ್ತಲಲ್ಲಿ ದೀಪ ಹಿಡಿದರೆ ಹಲಗೆ ಕೆಂಡದ ಹಾಗೆ ಕಾಣುತ್ತಿತ್ತಂತೆ.

ರಾಣಿ ಹೊನ್ನಾಂಬೆ ಬಂದಳು. "ಕೂತುಕೊಳ್ಳಲೇ?" ಅಂದಳು.

"ಬೇಡ, ಬೇಡ. ಕೂತರೆ ಸವೆಯುತ್ತದೆ" ಅಂದ ದೊರೆ.

ರಾಣಿ ಕೂರದೆಯೇ ಹೋದಳು. ದೊರೆ ಮಾತ್ರ ಅಲ್ಲೇ ಯೋಚಿಸಿದ. ಇಷ್ಟು ಚೆಂದದ ವಸ್ತು ಇಂಥ ಕತ್ತಲಲ್ಲಿ! ಯಾರು ಬಂದರು, ಯಾರು ಹೋದರು, ಹೇಗೆ ಗೊತ್ತಾಗಬೇಕು? ಕಲ್ಲುಕುಟಿಗನನ್ನು ಕರೆಸಿ, "ಪೂರ್ವದ ಗೋಡೆಗೊಂದು ಕಿಟಕಿ ಕೊರೆ, ನಾನು ಕಣ್ಣಿಡಬೇಕು" ಅಂದ.

ಕಿಟಕಿ ಆಯಿತು. ದೊರೆ ಕಣ್ಣಿಟ್ಟ. ಸ್ವಲ್ಪ ದಿನ ಕಳೆಯಿತು. ನೋಡುತ್ತಾನೆ, ಹಲಗೆಯ ಕೆಂಪು ಮಾಸಿದೆ!

ಹಲಗೆ ಒರೆಸುವ ನಿಂಗಿಯನ್ನು ಹಿಡಿದು ತಂದರು. "ಬಣ್ಣ ಒರೆಸಿಕೊಂಡು ಹೋದವಳು ನೀನೇ!"

"ನಾನಲ್ಲ ಬುದ್ಧಿ, ನಾನು ಕಾಣೆ. ನನ್ನ ಬಟ್ಟೆ ನೋಡಿ, ಬೆಳ್ಳಗೇ ಇದೆ" ಅಂದಳು ನಿಂಗಿ.

"ಬೆಳ್ಳಗೆ ಯಾಕಿದೆ? ಒಗೆದಿದ್ದೀಯ!" ಅಂದ ದೊರೆ. ಕಲ್ಲುಕುಟಿಗನಿಗೆ ಹೇಳಿದ: "ದಕ್ಷಿಣಕ್ಕೊಂದು ಕಿಟಕಿ ಕೊರೆ, ನಾನು ಕಣ್ಣಿಡಬೇಕು."

ಕಿಟಕಿ ಆಯಿತು. ದೊರೆ ಕಣ್ಣಿಟ್ಟ. ಬಣ್ಣ ಇನ್ನೂ ಮಾಸಿತು. ಈ ಸಲ ರಾಣಿಯ ಮೇಲೆ ತಿರುಗಿದ. "ಕೂರಬೇಡ ಅಂದದ್ದಕ್ಕೆ ಸಿಟ್ಟಿನಿಂದ ಏನಾದರೂ ಬಳಿದೆಯಾ?"

"ನಾನಲ್ಲ, ನಾನು ಕಾಣೆ. ಆ ಮಣೆ ಮುಟ್ಟಿದ್ದರೆ ತಾನೇ ಬಳಿಯುವುದು?" ಅಂದಳು ಹೊನ್ನಾಂಬೆ.

"ಪಶ್ಚಿಮಕ್ಕೊಂದು ಕಿಟಕಿ ಕೊರೆ, ನಾನು ಕಣ್ಣಿಡಬೇಕು!"

ಕಿಟಕಿ ಆಯಿತು. ದೊರೆ ಕಣ್ಣಿಟ್ಟ. ಬಣ್ಣ ಪೂರ್ತಿ ಹೋಯಿತು. ಕೆಂಪು ಹಲಗೆ ಹಳೇ ಬೆಲ್ಲದ ಅಚ್ಚಿನ ಹಾಗೆ ಕಂದಾಯಿತು. ಇನ್ನು ಉಳಿದವನು ಯಾರು? ಕಾಳಾಚಾರಿ.

"ಹಲಗೆ ಬದಲಾಯಿಸಿದ್ದೀಯ" ಅಂದ ದೊರೆ.

ಕಾಳಾಚಾರಿಗೆ ನಮ್ಮ ಮರಗಳು ಗೊತ್ತು, ಈ ಮರ ಗೊತ್ತಿಲ್ಲ. ಬಿಸಿಲು ತಾಗಿದರೆ ತೇಗದ ಬಣ್ಣ ಇನ್ನೂ ಚೆನ್ನಾಗಿ ಏರುತ್ತದೆ, ಹಾಗಾಗಿ ಅವನಿಗೂ ಕಾರಣ ಹೊಳೆಯಲಿಲ್ಲ. ಏನೂ ತೋಚದೆ ಹತ್ತರಿ ತೆಗೆದ. ಹತ್ತರಿ ಅಂದರೆ ಮರದ ಮೈಯನ್ನು ತೆಳ್ಳಗೆ ಸಿಪ್ಪೆ ಎಬ್ಬಿಸುವ ಬಡಗಿಯ ಉಪಕರಣ. ಮೇಲುಮೈ ಪೂರ್ತಿ ಕೆರೆದ. ಕೆಂಪು ಮತ್ತೆ ಬಂತು! ಎಣ್ಣೆ ಹಾಕಿದ, ಅರಗು ಬಳಿದ, ಕೈಮುಗಿದ.

ದೊರೆ ಸಂತೋಷಪಡಬೇಕಿತ್ತು, ಅಲ್ಲವೇ? ಪಡಲಿಲ್ಲ. "ಬಣ್ಣ ತಂದುಕೊಡಲು ನಿನಗೆ ಬಂತು ಅಂದ ಮೇಲೆ ತೆಗೆದುಕೊಂಡು ಹೋದವನೂ ನೀನೇ!" ಅಂದ.

ಅಷ್ಟರಲ್ಲಿ ಕೆಂಪು ಇನ್ನೊಮ್ಮೆ ಮಾಸಿತು. ಮತ್ತೆ ಮತ್ತೆ ಕೆರೆಯುತ್ತಾ ಹೋದರೆ ಹಲಗೆ ಹಪ್ಪಳವಾಗುತ್ತದೆ. ಅದೂ ಅಲ್ಲದೆ ಹತ್ತರಿಯಲ್ಲೇ ಏನೋ ಮಾಟ ಇದೆ ಅಂತ ದೊರೆಗೆ ಅನುಮಾನ. ಕೊನೆಗೆ ಅಪ್ಪಣೆ ಮಾಡಿದ: "ಬರುವ ಹುಣ್ಣಿಮೆಗೆ ಬಣ್ಣ ತಾನಾಗಿಯೇ ಬಂದಿರಬೇಕು. ಇಲ್ಲದಿದ್ದರೆ ನಿನ್ನ ಬಲಗೈ ಹೆಬ್ಬೆರಳು ತೆಗೆಸುತ್ತೇನೆ."

ಹೆಬ್ಬೆರಳು ಹೋದರೆ ಬಡಗಿ ಉಳಿ ಹಿಡಿಯಲಾರ. ಉಳಿ ಹಿಡಿಯದಿದ್ದರೆ ಅವನು ಬಡಗಿಯೇ ಅಲ್ಲ.

ಮನೆಗೆ ಹೋದ ಕಾಳಾಚಾರಿಗೆ ಅನ್ನ ಇಳಿಯಲಿಲ್ಲ. ಹೆಂಡತಿ ಈರಮ್ಮ ಬಾಗಿಲು ಹಾಕಿ ಬಂದು ಪಿಸುಗುಟ್ಟಿದಳು: "ಏನ್ರೀ, ನನ್ನ ಹತ್ತಿರವಾದರೂ ನಿಜ ಹೇಳಿ. ಬದಲಾಯಿಸಿದಿರಾ?"

"ನೀನೂ ಕೇಳ್ತೀಯೇನೇ?"

"ಊರೆಲ್ಲ ಕೇಳುತ್ತಿದೆ. ನಾನೂ ಅದೇ ಊರಲ್ಲಿ ತಾನೇ ಇರೋದು?" ಅಂದಳು. ಅಂದವಳು ಆಮೇಲೆ ಅವನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳಂತೆ.

ಇತ್ತ ಹಲಗೆಯ ಕಾವಲಿಗೆ ದ್ಯಾವಯ್ಯ ಅಂತ ಮುದಿ ಸಿಪಾಯಿಯನ್ನು ನಿಲ್ಲಿಸಿದ್ದರು. ಕಾಳಾಚಾರಿ ಎರಡನೇ ಸಲ ಅರಗು ಬಳಿದು ಒಣಗಿದ ದಿನದಿಂದಲೇ ಅವನ ಕಾವಲು. ಅವನದು ದುಂಡನೆಯ ಭಾರದ ಗುರಾಣಿ, ತೋಳು ನೋಯುತ್ತಿತ್ತು. ಮೊದಲ ದಿನವೇ ಅದನ್ನು ಹಲಗೆಯ ನಡುವೆ ಮಲಗಿಸಿಬಿಟ್ಟಿದ್ದ. ಸೋಮಾರಿತನ ಅನ್ನಿ, ಆದರೆ ಅದೇ ಒಳ್ಳೆಯದಾಯಿತು.

ಹುಣ್ಣಿಮೆ ಬಂತು. ಮಧ್ಯಾಹ್ನ ಎಲ್ಲರೂ ಸೇರಿದರು. ಹಲಗೆ ಕಂದಾಗಿಯೇ ಇತ್ತು. ಕಾಳಾಚಾರಿ ಕೈ ಮುಂದೆ ಚಾಚಿದ. "ಗುರಾಣಿ ಎತ್ತೋ, ಹಲಗೆಯ ಮೇಲೇ ಬೆರಳಿಡಲಿ" ಅಂದ ದೊರೆ.

ದ್ಯಾವಯ್ಯ ಗುರಾಣಿ ಎತ್ತಿದ.

ಕಂದು ಹಲಗೆಯ ನಡುವೆ ದುಂಡಗೆ, ಕೆಂಪಗೆ, ಆಗತಾನೇ ಹುಟ್ಟಿದ ಚಂದ್ರನ ಹಾಗೆ ಹಳೇ ಬಣ್ಣ!

"ಓಹೋ! ಎಲ್ಲ ಕದ್ದು ಇಷ್ಟು ಬಚ್ಚಿಟ್ಟಿದ್ದೀಯಾ ದ್ಯಾವಯ್ಯ?" ಅಂದ ದೊರೆ.

"ನಾನಲ್ಲ ಬುದ್ಧಿ, ನಾನು ಕಾಣೆ. ತೋಳು ನೋವು ಅಂತ ಇಟ್ಟೆ, ಅಷ್ಟೇ."

ಆಗ ರಾಣಿ ಮುಂದೆ ಬಂದಳು. "ಸುಮ್ಮನಿರಿ, ನೀವು ಕಳ್ಳರನ್ನು ಹಿಡಿದದ್ದು ಸಾಕು. ಯಾರು ಈ ಗುರಾಣಿಯ ಕೆಳಗೆ ಹೋಗಲಾರರೋ ಅವರೇ ಕಳ್ಳರು. ನಿಂಗಿಯ ಕೈ ಹೋಗುತ್ತದೆ. ಆಚಾರಿಯ ಕೈ ಹೋಗುತ್ತದೆ. ಇಷ್ಟು ಹೊತ್ತೂ ಹಲಗೆಯ ಮೇಲೆ ಕೂತಿದ್ದು, ಗುರಾಣಿಯ ಕೆಳಗೆ ಮಾತ್ರ ಹೋಗದಿರುವವನು ಯಾರು, ನೋಡಿ."

ಎಲ್ಲರೂ ನೋಡಿದರು. ಹಲಗೆಯ ಮೇಲೆ ಬಿಸಿಲು ಕೂತಿತ್ತು.

ದೊರೆ ಅದನ್ನೂ ನಂಬಲಿಲ್ಲ. "ಹಾಗಾದರೆ ಹಲಗೆ ತಿರುಗಿಸಿ" ಅಂದ. ಸರಪಳಿ ಬಿಚ್ಚಿ ತಿರುಗಿಸಿದರು. ಮೊದಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದು ಇದಕ್ಕೇ. ಬಿಸಿಲೇ ಕಾಣದ ಕೆಳಮೈ ಅಷ್ಟೂ ಕೆಂಪು, ಮೊದಲ ದಿನದ ಕೆಂಪು! ಹಲಗೆ ಬದಲಾಗಿರಲಿಲ್ಲ.

"ಈ ಬಿಸಿಲನ್ನು ಒಳಗೆ ಬಿಟ್ಟವರು ಯಾರು?" ಅಂತ ದೊರೆ ಗುಡುಗಿದ.

ನಿಂಗಿ ನೆಲ ನೋಡಿದಳು. ಕಲ್ಲುಕುಟಿಗ ತೊಲೆ ನೋಡಿದ. ದೊರೆ ಪೂರ್ವದ ಕಿಟಕಿ ನೋಡಿದ, ದಕ್ಷಿಣದ್ದು ನೋಡಿದ, ಪಶ್ಚಿಮದ್ದು ನೋಡಿದ. ಆಮೇಲೆ, ಚಾಚಿಕೊಂಡೇ ಇದ್ದ ಕಾಳಾಚಾರಿಯ ಕೈಯನ್ನು ತಾನೇ ಹಿಡಿದು ಕೆಳಗಿಳಿಸಿದನಂತೆ.

ಕಾಳಾಚಾರಿ ಕೆಂಪು ಮೈ ಮೇಲೆ ಬರುವ ಹಾಗೆ ಹಲಗೆಯನ್ನು ಮತ್ತೆ ಕಟ್ಟಿದ. ಕಿಟಕಿಗಳಿಗೆಲ್ಲ ಲಾವಂಚದ ತಟ್ಟಿ ಇಳಿಬಿಟ್ಟರು. ಯಾರೂ ಕೂರದಾಗ ಹಲಗೆಗೆ ದಪ್ಪ ಜಮಖಾನ ಹೊದಿಸಿದರು. "ಇಷ್ಟಾದರೂ ಮೆಲ್ಲಗೆ ಕಂದುತ್ತದೆ ಬುದ್ಧಿ, ಪೂರ್ತಿ ತಡೆಯುವುದು ನನ್ನಿಂದಾಗದು" ಅಂದ ಕಾಳಾಚಾರಿ. ದೊರೆ ಯಾಕೆ ಅಂತ ಕೇಳಲಿಲ್ಲ. ರಾಣಿ ಕೊನೆಗೂ ಕೂತಳು.

ಆದರೆ ಅನುಮಾನದ ಬುದ್ಧಿ ಒಂದೇ ದಿನಕ್ಕೆ ಹೋಗುತ್ತದೆಯೇ? ಯಾರ ಮೇಲಾದರೂ ತಪ್ಪು ಹೊರಿಸಬೇಕು ಅನ್ನಿಸಿದಾಗ ದೊರೆ ಕಿರೀಟ ತೆಗೆದಿಟ್ಟು, ಮಂಡಿಯೂರಿ, ಬಗ್ಗಿ ತೂಗುಮಣೆಯ ಅಡಿಯಲ್ಲಿ ಆ ಕೆಂಪು ಚಂದ್ರನನ್ನು ನೋಡಿ ಬರುತ್ತಿದ್ದನಂತೆ.

ಮೇಲೆ ತೂಗುತ್ತಾ ಕೂತ ಹೊನ್ನಾಂಬೆ ಕೇಳುತ್ತಿದ್ದಳಂತೆ: "ಇವತ್ತು ಯಾರ ಮೇಲೆ?"

"ಯಾರ ಮೇಲೂ ಇಲ್ಲ" ಅನ್ನುತ್ತಿದ್ದನಂತೆ ದೊರೆ, ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತಾ.

ಅವರು ಅಲ್ಲಿ ತೂಗಿಕೊಂಡು ಸುಖವಾಗಿದ್ದರು, ನಾವು ಇಲ್ಲಿ ತಟ್ಟಿ ಇಳಿಸಿಕೊಂಡು ತಣ್ಣಗಿದ್ದೇವೆ.