ಹಿತ್ತಿಲಿಗೆ ಹೋದ ಹಂಡೆ

"ಏಳು ವರ್ಷ ತಯಾರಿ ಮಾಡಿಕೊಂಡ ಒಬ್ಬ ಗೃಹಸ್ಥನ ಬಚ್ಚಲುಮನೆ ಕೊನೆಗೆ ಏನಾಯಿತು, ಊಹಿಸು ನೋಡೋಣ" ಎಂದರು ಗುರುಗಳು.

ಶಿಷ್ಯ ತಬ್ಬಿಬ್ಬಾದ. ಅವನು ಕೇಳಿದ್ದೇ ಬೇರೆ. "ಜಪಕ್ಕೆ ಕೂರಬೇಕು ಅಂತ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮಣೆ ತಂದೆ, ಮಾಲೆ ತಂದೆ, ಕೋಣೆಗೆ ಸುಣ್ಣವನ್ನೂ ಹೊಡೆಸಿದೆ. ಒಳ್ಳೆಯ ದಿನವೊಂದು ಕೂಡಿಬರುತ್ತಿಲ್ಲ. ಯಾವತ್ತು ಶುರು ಮಾಡಲಿ?" ಎಂದು ಕೇಳಿದ್ದ. ಜಪಕ್ಕೂ ಬಚ್ಚಲಿಗೂ ಎತ್ತಣ ನಂಟು?

"ಹೊಸದಾಗಿ ಕಟ್ಟಿಸಿರಬೇಕು" ಎಂದ, ಸುಮ್ಮನಿರಲಾರದೆ.

"ಅಷ್ಟು ಸುಲಭವಾಗಿದ್ದರೆ ನಾನೇಕೆ ಕತೆ ಹೇಳಲಿ? ಕೇಳು."

ಒಬ್ಬ ಗೃಹಸ್ಥನಿದ್ದ. ಅವನ ಮನೆಯ ಬಚ್ಚಲಿಗೆ ಮೊಣಕಾಲೆತ್ತರದ ಹೊಸ್ತಿಲು. ಹೆಂಡತಿಗೆ ಮಂಡಿ ಹಿಡಿದುಕೊಂಡ ಮೇಲೆ ಅದನ್ನು ದಾಟುವುದೆಂದರೆ ದಿನಾ ಒಂದು ಬೆಟ್ಟ ಹತ್ತಿ ಇಳಿದ ಹಾಗೆ. ಒಮ್ಮೆ ಜಾರಿಯೂ ಬಿದ್ದಳು. "ಈ ಹೊಸ್ತಿಲೊಂದನ್ನು ತೆಗೆಸಿ" ಎಂದಳು. ಗಂಡ ಕೆಟ್ಟವನಲ್ಲ. "ಬರೀ ಹೊಸ್ತಿಲು ಯಾಕೆ, ಇಡೀ ಬಚ್ಚಲನ್ನೇ ಹೊಸದು ಮಾಡಿಸೋಣ" ಎಂದ. ಅವಳು ಹಿಗ್ಗಿದಳು. ಹಾಗೆ ಹಿಗ್ಗಿದ್ದಕ್ಕೆ ಆಮೇಲೆ ತನ್ನನ್ನು ತಾನೇ ಎಷ್ಟು ಬಯ್ದುಕೊಂಡಳೋ ಲೆಕ್ಕವಿಲ್ಲ.

ಗೃಹಸ್ಥ ತಯಾರಿಗೆ ನಿಂತ. ನಕ್ಷೆ ಬರೆದ. ನೀರು ಈಶಾನ್ಯಕ್ಕೆ ಹೋಗಬೇಕು, ಒಲೆ ಆಗ್ನೇಯದಲ್ಲಿರಬೇಕು. ಎರಡನ್ನೂ ಕೂಡಿಸಿದರೆ ಬಾಗಿಲು ಅಡುಗೆಮನೆಯೊಳಕ್ಕೆ ತೆರೆಯುತ್ತಿತ್ತು. ಆ ನಕ್ಷೆ ಬಿಸಾಡಿ ಇನ್ನೊಂದು ಬರೆದ. ಊರೂರು ಸುತ್ತಿ, ಮಾದರಿಗೆಂದು ಒಂದೊಂದು ಚಪ್ಪಡಿ ತಂದು ಮಂಚದ ಕೆಳಗೆ ಪೇರಿಸಿದ. ಹೆಂಡತಿಗೆ ಕಸ ಗುಡಿಸಲು ಅಲ್ಲಿ ಜಾಗವಿಲ್ಲದಾಯಿತು. ಹೀಗೆಯೇ ನಾಲ್ಕು ವರ್ಷ ಕಳೆಯಿತು.

ಕೆಲಸಕ್ಕೆ ಅಡ್ಡಿಯಾಗಬಾರದಲ್ಲ, ಅದಕ್ಕೆ ತಾಮ್ರದ ಹಂಡೆಯನ್ನು ಹಿತ್ತಿಲಿಗೆ ಸಾಗಿಸಿ ಸುತ್ತ ತೆಂಗಿನ ಸೋಗೆಯ ಮರೆ ಕಟ್ಟಿಸಿದ. "ಒಂದೆಂಟು ದಿನ ಹೊರಗೇ ಸ್ನಾನ ಮಾಡೋಣ" ಎಂದ. ಆ ಎಂಟು ದಿನಕ್ಕೆ ಮೂರು ವರ್ಷ ತುಂಬಿತು. ಸೋಗೆ ನಾಲ್ಕು ಸಲ ಬದಲಾಯಿತು. ಒಳಗಿನ ಬಚ್ಚಲು ಮಾತ್ರ ಖಾಲಿ ಬಿದ್ದಿತ್ತು. ಬೆಕ್ಕು ಅಲ್ಲಿ ಎರಡು ಸಲ ಮರಿ ಹಾಕಿತು.

"ಹೊಸದು ಬೇಡವೇ ಬೇಡ, ಹಂಡೆಯನ್ನಾದರೂ ಒಳಗೆ ತನ್ನಿ" ಎಂದಳು ಹೆಂಡತಿ.

"ಇಷ್ಟೆಲ್ಲ ತಯಾರಿ ಆದಮೇಲೆ ಹಂಡೆ ಒಳಗೆ ತರುತ್ತಾರೇನೇ? ದಿನವೊಂದು ಕೂಡಿಬರಲಿ" ಎಂದು ಗಂಡ ಪಂಚಾಂಗ ಬಿಡಿಸಿದ. ಒಂದು ದಿನ ಅವನ ನಕ್ಷತ್ರಕ್ಕೆ ಆಗುತ್ತಿರಲಿಲ್ಲ, ಇನ್ನೊಂದು ದಿನ ಇವಳ ನಕ್ಷತ್ರಕ್ಕೆ.

ಒಂದು ಬೆಳಿಗ್ಗೆ ಅವನು ಮತ್ತೊಂದು ಚಪ್ಪಡಿ ನೋಡಲು ಪಕ್ಕದೂರಿಗೆ ಹೊರಟ. ಅವತ್ತು ವ್ರತ. ಹೆಂಡತಿ ತಲೆಗೆ ನೀರು ಹಾಕಿಕೊಳ್ಳಲೇಬೇಕು. ಎರಡು ಚೊಂಬು ಹಾಕಿಕೊಂಡಿದ್ದಳೋ ಇಲ್ಲವೋ, ಗಾಳಿಗೆ ಮರೆ ಕಿತ್ತು ಹೋಗಿ ಬಾವಿಕಟ್ಟೆಯ ಮೇಲೆ ಬಿತ್ತು. ಹಿತ್ತಿಲ ಬೇಲಿಯಾಚೆಯೇ ದಾರಿ. ಒದ್ದೆ ಸೀರೆ ಬಿಗಿಹಿಡಿದು ಹಂಡೆಯ ಹಿಂದೆ ಕುಕ್ಕರಿಸಿದಳು. ಮಂಡಿ ಕಿತ್ತುಬರುವಷ್ಟು ನೋವು. ಹೋಗುವವರು, ನಿಂತು ಮಾತಾಡುವವರು, ಎಲ್ಲರೂ ಹೋಗಿ ಮುಗಿಯುವವರೆಗೆ ಹಾಗೆಯೇ ನಡುಗುತ್ತ ಕುಳಿತಿದ್ದಳು. ಎದ್ದವಳು ಸೀರೆ ಬದಲಿಸಿ ನೆಟ್ಟಗೆ ಗಾರೆಯವನ ಮನೆಗೆ ಹೋಗಿ ಅವನನ್ನು ಕರೆತಂದಳು.

ಗಾರೆಯವನು ಬಚ್ಚಲ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಯಜಮಾನರು ಬರಲಿ ತಾಯಿ, ಒಂದು ಮಾತು ಕೇಳಿಬಿಟ್ಟು..."

"ಅವರು ಬಂದರೆ ಪಂಚಾಂಗ ತೆಗೀತಾರೆ. ನೀವು ಹಾರೆ ತೆಗೀರಿ."

ಹೊಸ್ತಿಲು ಹತ್ತು ಏಟಿಗೆ ಉದುರಿತು. ಮಂಚದ ಕೆಳಗಿನ ಚಪ್ಪಡಿಗಳನ್ನೇ ಎಳೆದು ಮಣ್ಣು ಕುಟ್ಟಿ ಹಾಸಿದ. ಒಂದರ ಬಣ್ಣ ಇನ್ನೊಂದಕ್ಕಿರಲಿಲ್ಲ. ಇಬ್ಬರೂ ಸೇರಿ ಹಂಡೆಯನ್ನು ಒಳಗೆ ಉರುಳಿಸಿ ಮೂರು ಕಲ್ಲಿನ ಮೇಲೆ ಕೂರಿಸಿದರು.

ಮಧ್ಯಾಹ್ನ ಗೃಹಸ್ಥ ಬಂದಾಗ ಬಚ್ಚಲ ಗವಾಕ್ಷಿಯಿಂದ ಹೊಗೆ ಬರುತ್ತಿತ್ತು. ಹೆಂಡತಿ ಮಿಂದು, ಮಡಿಯುಟ್ಟು, ಕುಂಕುಮ ಇಟ್ಟುಕೊಂಡು ನಿಂತಿದ್ದಳು.

"ಯಾರನ್ನು ಕೇಳಿ ದಿನ ಇಟ್ಟೆ?" ಎಂದ.

"ಹಂಡೆಯ ಹಿಂದೆ ಕೂತವಳು ಯಾರನ್ನು ಕೇಳಲಿ? ಹೋಗಿ ಸ್ನಾನ ಮಾಡಿ ಬನ್ನಿ, ನೀರು ಕಾದಿದೆ. ಮಣೆ ಹಾಕಿದ್ದೇನೆ. ನಿಮ್ಮ ಕಾಲು ತೊಳೆದು ಪೂಜೆ ಮಾಡುವುದು ಇನ್ನೂ ಬಾಕಿಯಿದೆ" ಎಂದಳು.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಗಂಡ ಹುಡುಕಿದಾಗ ಸಿಗದ ದಿನ ಅವಳಿಗೆ ಸಿಕ್ಕಿತಲ್ಲ. ಅದು ಯಾವ ಶುಭದಿನ ಗುರುಗಳೇ?"

"ಆಷಾಢ ಬಹುಳ ಅಮಾವಾಸ್ಯೆ, ಮಂಗಳವಾರ."