ಮುಖದ ಬಣ್ಣಕ್ಕೆ ನಾಲ್ಕು ಅಂಕ

"ಗುರುಗಳೇ, ಒಂದು ವಸ್ತು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

"ಯಾವ ವಸ್ತು?" ಎಂದರು ಗುರುಗಳು.

ಶಿಷ್ಯ ಸ್ವಲ್ಪ ನಾಚಿದ. "ಒಂದು ಸಣ್ಣ ಕ್ಯಾಮೆರಾ. ಗುಂಡಿ ಒತ್ತಿದರೆ ಸಾಕು, ಫೋಟೊ ಬರುತ್ತದಲ್ಲ, ಅಂಥದ್ದು. ಅಕ್ಕನಿಗೆ ಕೊಡಬೇಕೆಂದಿದ್ದೇನೆ. ಮೂರು ತಿಂಗಳಿಂದ ಹುಡುಕುತ್ತಿದ್ದೇನೆ. ಒಂದರಲ್ಲಿ ಬಣ್ಣ ಚೆನ್ನಾಗಿದ್ದರೆ ಬ್ಯಾಟರಿ ನಿಲ್ಲುವುದಿಲ್ಲ, ಇನ್ನೊಂದರಲ್ಲಿ ಬ್ಯಾಟರಿ ನಿಂತರೆ ಬಣ್ಣ ಸರಿಯಿಲ್ಲ. ತಲೆ ಕೆಟ್ಟುಹೋಗಿದೆ."

"ಕ್ಯಾಮೆರಾ ಕೊಳ್ಳುವುದಕ್ಕೆ ಮಠಕ್ಕೆ ಬಂದಿದ್ದೀಯಲ್ಲ, ನಿನಗೆ ಏನು ಹೇಳಲಿ. ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಶಾಲೆಯ ಪರೀಕ್ಷಕನಲ್ಲ, ಕ್ಯಾಮೆರಾ ಪರೀಕ್ಷಕ. ಊರಿನ ಪತ್ರಿಕೆಯಲ್ಲಿ ಭಾನುವಾರ ಭಾನುವಾರ ಬರೆಯುತ್ತಿದ್ದ. ದೊಡ್ಡ ಕ್ಯಾಮೆರಾಗಳ ಸುದ್ದಿಗೆ ಅವನು ಹೋಗುತ್ತಿರಲಿಲ್ಲ. ನಿನ್ನಂಥವರು, ನಿನ್ನ ಅಕ್ಕನಂಥವರು ಕೊಳ್ಳುತ್ತೀರಲ್ಲ, ಅಗ್ಗದ ಡಿಜಿಟಲ್ ಕ್ಯಾಮೆರಾ, ಅಷ್ಟೇ. ನಾಮಕರಣಕ್ಕೆ, ಹುಟ್ಟುಹಬ್ಬಕ್ಕೆ, ಪ್ರವಾಸಕ್ಕೆ ಇದು ಸಾಲುತ್ತದೆಯೇ ಇಲ್ಲವೇ ಎಂದು ಹೇಳುತ್ತಿದ್ದ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ. ಅವನು ಏಳು ಕೊಟ್ಟರೆ ಆ ಕ್ಯಾಮೆರಾ ಅಂಗಡಿಯಲ್ಲಿ ಉಳಿಯುತ್ತಿರಲಿಲ್ಲ. ಐದು ಕೊಟ್ಟರೆ ಗಾಜಿನ ಕಪಾಟಿನಲ್ಲಿ ಧೂಳು ಹಿಡಿಯುತ್ತಿತ್ತು.

ಅವನು ಪ್ರಾಮಾಣಿಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಅವನನ್ನು ಬೈಯಲು ನಿನಗೆ ಆತುರವಾಗುತ್ತದೆ. ಅಂಗಡಿಯವರ ಕೈಯಿಂದ ಒಂದು ಲೋಟ ಚಹಾ ಕುಡಿದವನಲ್ಲ. ಕ್ಯಾಮೆರಾವನ್ನು ಎಂಟು ದಿನಕ್ಕೆ ಎರವಲು ತರುತ್ತಿದ್ದ, ಒಂಬತ್ತನೆಯ ದಿನ ಒರೆಸಿ ವಾಪಸು ಕೊಡುತ್ತಿದ್ದ. ತೆಗೆದ ಚಿತ್ರಗಳನ್ನೆಲ್ಲ ಅಳಿಸಿಹಾಕುತ್ತಿದ್ದ. ಹಳೆಯ ಚಿತ್ರ ಕಣ್ಣಿಗೆ ಬಿದ್ದರೆ ಹೊಸ ಕ್ಯಾಮೆರಾಕ್ಕೆ ಅನ್ಯಾಯವಾಗುತ್ತದೆ ಎಂಬುದು ಅವನ ವಾದ. ಉಳಿಯುತ್ತಿದ್ದದ್ದು ಒಂದು ನೋಟ್‌ಬುಕ್ಕು, ಅದರಲ್ಲಿ ತಾರೀಖು, ಅಂಕ, ಒಂದೆರಡು ಸಾಲು.

ಪರೀಕ್ಷೆಗೆ ಒಂದು ಕ್ರಮವಿತ್ತು. ಮೊದಲು ಎದುರುಮನೆಯ ಸುಣ್ಣ ಹೊಡೆದ ಗೋಡೆ. ಬಿಳಿ ಬಿಳಿಯಾಗಿಯೇ ಬರುತ್ತದೆಯೇ ಎಂದು ನೋಡಲು. ಆಮೇಲೆ ಸ್ಟೀಲ್ ತಟ್ಟೆಯಲ್ಲಿ ಟೊಮೆಟೊ, ನಿಂಬೆಹಣ್ಣು, ಬದನೆಕಾಯಿ. ಆಮೇಲೆ ನಡುಮನೆಯ ಕ್ಯಾಲೆಂಡರು, ಹತ್ತು ಹೆಜ್ಜೆ ದೂರದಿಂದ. ತಿಥಿ ನಕ್ಷತ್ರದ ಸಣ್ಣ ಅಕ್ಷರ ಓದಲು ಬಂದರೆ ಒಂದು ಅಂಕ ಹೆಚ್ಚು. ಕೊನೆಗೆ ಹೆಂಡತಿ. ಜನ ಕ್ಯಾಮೆರಾ ಕೊಳ್ಳುವುದು ಮುಖ ತೆಗೆಯಲು ತಾನೇ, ಮುಖವಿಲ್ಲದೆ ಪರೀಕ್ಷೆ ಮುಗಿಯುವುದಿಲ್ಲ.

ಹೆಂಡತಿಯ ಹೆಸರು ವನಜಾಕ್ಷಿ. ಅವನ ಹೆಸರು ನಿನಗೆ ಬೇಡ, ಇವಳ ಹೆಸರು ಗೊತ್ತಿರಲಿ. ಬೆಳಗ್ಗೆ ಹತ್ತು ಗಂಟೆಗೆ ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಪ್ರತಿ ಸಲವೂ ಅದೇ ಹಸಿರು ಸೀರೆ. ಸೀರೆ ಬದಲಾದರೆ ಒಂದು ಕ್ಯಾಮೆರಾವನ್ನು ಇನ್ನೊಂದರ ಜತೆ ತೂಗಿ ನೋಡಲು ಬರುವುದಿಲ್ಲವಂತೆ. ನಗಬಾರದು, ನಕ್ಕರೆ ಮುಖದ ನೆರಳು ಬದಲಾಗುತ್ತದೆ. ಕೆನ್ನೆಗೆ ಅರಿಸಿನ ಹಚ್ಚಿಕೊಂಡಿರಬಾರದು. ಶುಕ್ರವಾರ ಬಂದರೆ ಪರೀಕ್ಷೆಯನ್ನೇ ಮುಂದಕ್ಕೆ ಹಾಕುತ್ತಿದ್ದ. ಹೀಗೆ ಒಂಬತ್ತು ವರ್ಷ ಕೂತಳು. ಪಾಪ, ಬೇಸರವೆಂದು ಒಂದು ದಿನ ಹೇಳಿದವಳಲ್ಲ. ಅವನೋ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ನೋಡುತ್ತಿದ್ದ. ಆಮೇಲೆ ಕಂಪ್ಯೂಟರಿನಲ್ಲಿ ಅವಳ ಕೆನ್ನೆ, ಕೂದಲಿನ ಅಂಚು, ಗದ್ದದ ಕೆಳಗಿನ ನೆರಳು ಎಲ್ಲವನ್ನೂ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ.

ಒಂದು ಮಾರ್ಚ್ ತಿಂಗಳಲ್ಲಿ ಒಂದು ಕ್ಯಾಮೆರಾ ಬಂತು. ಅಂಗೈಯಗಲದ್ದು, ಬಲು ಸರಳ. ಅವನಿಗೆ ನೋಡಿದ ಕೂಡಲೇ ಹಿಡಿಸಿತು. ಗೋಡೆ ಬೆಳ್ಳಗೆ ಬಂತು. ಟೊಮೆಟೊ ಕೆಂಪಗೆ ಬಂತು. ಕ್ಯಾಲೆಂಡರಿನ ಅಕ್ಷರ ಸಲೀಸಾಗಿ ಓದಲು ಬಂತು. ಎಂಟು ಅಂಕ ಕೊಡಬಹುದು ಎಂದುಕೊಂಡು ಹೆಂಡತಿಯನ್ನು ಕರೆದ. ಅವಳ ಮುಖ ಹಳದಿಯಾಗಿ ಬಂತು.

"ಅರಿಸಿನ ಹಚ್ಚಿಕೊಂಡಿದ್ದೀಯಾ?" ಎಂದು ರೇಗಿದ.

"ಇಲ್ಲ ರೀ, ಇವತ್ತು ಮಂಗಳವಾರ" ಎಂದಳು.

"ಸೋಪು ಹಾಕಿ ತೊಳೆದುಕೊಂಡು ಬಾ."

ತೊಳೆದುಕೊಂಡು ಬಂದಳು. ಮತ್ತೆ ತೆಗೆದ, ಮತ್ತೆ ಹಳದಿ. ಸುಮ್ಮನೆ ರೇಗಿಬಿಟ್ಟೆನಲ್ಲ ಎಂದು ಅವನಿಗೇ ಕೆಡುಕೆನಿಸಿತು. ತಪ್ಪು ಅವಳದ್ದಲ್ಲ, ಕ್ಯಾಮೆರಾದ್ದು. ಮುಖದ ಬಣ್ಣಕ್ಕೆ ಆರು ಎಂದು ಬರೆದ.

ಮೂರು ವಾರ ಕಳೆದು ಇನ್ನೊಂದು ಕ್ಯಾಮೆರಾ ಬಂತು, ಬೇರೆ ಕಂಪನಿಯದ್ದು. ಗೋಡೆ ಬಿಳಿ, ಟೊಮೆಟೊ ಕೆಂಪು, ಮುಖ ಇನ್ನಷ್ಟು ಹಳದಿ. ಸಾಲದ್ದಕ್ಕೆ ಆ ದಿನ ಅವಳು ಸುಮ್ಮನೆ ಕೂರಲಿಲ್ಲ, ತೋಳು ಕೆರೆದುಕೊಳ್ಳುತ್ತಲೇ ಇದ್ದಳು. ಚಿತ್ರ ಅಲುಗಿಹೋಯಿತು. ಅಲುಗಾಟವನ್ನು ತಡೆದುಕೊಳ್ಳುವುದಿಲ್ಲ ಎಂದು ಅದಕ್ಕೂ ಒಂದು ಅಂಕ ಕಳೆದ. ಅವತ್ತು ಅವಳು ಒಂದು ಮಾತು ಹೇಳಿದಳು. "ಕನ್ನಡಿಯಲ್ಲೂ ನನ್ನ ಮುಖ ಹೀಗೇ ಕಾಣುತ್ತದೆ ರೀ. ಊಟವೂ ಸೇರುತ್ತಿಲ್ಲ."

"ಆ ಕನ್ನಡಿ ನಿನ್ನ ತವರಿನಿಂದ ಬಂದದ್ದು. ಹಿಂದಿನ ಪಾದರಸ ಎದ್ದುಹೋಗಿದೆ. ಈ ಬಿಸಿಲಿನಲ್ಲಿ ಯಾರಿಗೆ ಊಟ ಸೇರುತ್ತದೆ?" ಎಂದ.

ನೋಡು, ಅವನು ಕನ್ನಡಿಗೂ ಅಂಕ ಕೊಟ್ಟುಬಿಟ್ಟ. ಇಡೀ ಊರು ಅವನ ಮಾತು ನಂಬಿ ಅಂಗಡಿಗೆ ಹೋಗುತ್ತಿತ್ತು. ಮನೆಯವಳು ನಂಬದೆ ಇರುತ್ತಾಳೆಯೇ?

ಏಪ್ರಿಲ್ ಕೊನೆಗೆ ಮೂರನೆಯದು ಬಂತು. ಮೂರರಲ್ಲೂ ಅಗ್ಗದ್ದು ಅದೇ. ಈ ಸಲ ಅವಳ ಕಣ್ಣಿನ ಬಿಳಿಯೂ ಹಳದಿಯಾಗಿ ಬಂತು. ಅವನಿಗೆ ಸಿಟ್ಟು ನೆತ್ತಿಗೇರಿತು. ಮುಖದ ಬಣ್ಣಕ್ಕೆ ನಾಲ್ಕು ಎಂದು ಬರೆದ. ಭಾನುವಾರದ ಪತ್ರಿಕೆಯಲ್ಲಿ ಹೀಗೆ ಬಂತು: "ಈ ಕ್ಯಾಮೆರಾಕ್ಕೆ ಮನುಷ್ಯರ ಮುಖದ ಪರಿಚಯವೇ ಇಲ್ಲ. ಕೊಳ್ಳಬೇಡಿ." ಓದಿದವರು ಭಲೇ ಎಂದರು. ಅವನಿಗೂ ಆ ಸಾಲು ಬಹಳ ಇಷ್ಟವಾಯಿತು. ಹೆಂಡತಿಗೆ ಎರಡು ಸಲ ಓದಿ ಹೇಳಿದ. ಅವಳು ಗೋಡೆಗೆ ಒರಗಿಕೊಂಡು ಕೇಳಿದಳು, ನೆಟ್ಟಗೆ ಕೂರಲು ಅವಳಿಗೆ ಆಗುತ್ತಿರಲಿಲ್ಲ.

ಮೂರು ಬೇರೆ ಬೇರೆ ಕಂಪನಿಯ ಕ್ಯಾಮೆರಾ. ಮೂರರಲ್ಲೂ ಗೋಡೆ ಬಿಳಿ. ಮೂರರಲ್ಲೂ ಟೊಮೆಟೊ ಕೆಂಪು. ಒಬ್ಬ ಹೆಂಗಸಿನ ಮುಖ ಮಾತ್ರ ಹಳದಿ. ಓದುಬರಹ ಇಲ್ಲದವನಿಗೂ ಹೊಳೆಯಬೇಕಾದ ಸಂಗತಿ. ಇವನಿಗೆ ಹೊಳೆದದ್ದು ಏನು ಗೊತ್ತೇ? ಅಗ್ಗದ ಕ್ಯಾಮೆರಾಗಳನ್ನು ಈಗ ಎಲ್ಲರೂ ಕೆಟ್ಟದಾಗಿ ಮಾಡುತ್ತಿದ್ದಾರೆ ಎಂದು. ಅದರ ಮೇಲೊಂದು ಲೇಖನವನ್ನೂ ಬರೆಯಲು ಕೂತಿದ್ದ.

ಆ ಮೂರನೆಯ ಕ್ಯಾಮೆರಾವನ್ನು ಕೊಟ್ಟಿದ್ದ ವ್ಯಾಪಾರಿ ಸೋಮವಾರ ಮನೆಗೇ ಬಂದ. ಕ್ಯಾಮೆರಾವನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ. ಅವನಿಗೆ ನೋವಾಗಿತ್ತು.

"ಸಾರ್, ನೀವು ಸುಳ್ಳು ಬರೆಯುವವರಲ್ಲ. ಆದರೆ ನನ್ನ ತಾಯಿಯ ಫೋಟೊ ತೆಗೆದೆ, ಸರಿಯಾಗಿ ಬಂತು. ಪಕ್ಕದ ಅಂಗಡಿಯವನದು ತೆಗೆದೆ, ಅದೂ ಸರಿಯಾಗಿ ಬಂತು. ನಿಮ್ಮ ಎದುರಿಗೇ ಇನ್ನೊಂದು ತೆಗೆಯುತ್ತೇನೆ, ನೋಡಿ" ಎಂದು ಪರೀಕ್ಷಕನ ಮುಖಕ್ಕೆ ಹಿಡಿದು ಗುಂಡಿ ಒತ್ತಿದ. ಪರೀಕ್ಷಕ ಇದ್ದ ಹಾಗೆಯೇ ಬಂದ. ಕಪ್ಪು ಮುಖ ಕಪ್ಪಗೆ, ಬಿಳಿ ಮೀಸೆ ಬೆಳ್ಳಗೆ.

ಅಷ್ಟರಲ್ಲಿ ವನಜಾಕ್ಷಿ ಬಂದವರಿಗೆ ನೀರು ತಂದಳು. ಲೋಟ ತೆಗೆದುಕೊಳ್ಳಲು ವ್ಯಾಪಾರಿ ತಲೆಯೆತ್ತಿದ. ಲೋಟಕ್ಕೆ ಕೈ ಹಾಕಲಿಲ್ಲ. ಅವಳನ್ನೇ ನೋಡಿದ.

"ಸಾರ್, ಕ್ಯಾಮೆರಾ ವಿಷಯ ಬಿಡಿ. ಮೊದಲು ಅಮ್ಮನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ" ಎಂದ.

ಹೋದರು. ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಏನೇನೋ ಪರೀಕ್ಷೆ ಮಾಡಿಸಿದರು. ಪಿತ್ತನಾಳದಲ್ಲಿ ಗಡ್ಡೆ. ಕಾಮಾಲೆ ಏರಿದ್ದು ಅದರಿಂದ. "ಈ ಹಳದಿ ಶುರುವಾಗಿ ಎಷ್ಟು ದಿನವಾಯಿತು?" ಎಂದು ಕೇಳಿದರು. ಅವನು ಚೀಲದಿಂದ ನೋಟ್‌ಬುಕ್ಕು ತೆಗೆದ. ಎಲ್ಲಿಗೆ ಹೋದರೂ ಅದು ಚೀಲದಲ್ಲಿರುತ್ತಿತ್ತು. ಮಾರ್ಚ್ ಹನ್ನೊಂದು, ಮುಖ ತುಸು ಹಳದಿ, ಆರು. ಏಪ್ರಿಲ್ ಎರಡು, ಹಳದಿ ಹೆಚ್ಚು, ಐದು. ಏಪ್ರಿಲ್ ಇಪ್ಪತ್ತನಾಲ್ಕು, ಕಣ್ಣಿನ ಬಿಳಿಯೂ ಹಳದಿ, ನಾಲ್ಕು. ಹೀಗೆ ಒಂದೊಂದಾಗಿ ಓದಿ ಹೇಳಿದ.

ಡಾಕ್ಟರು ನೋಟ್‌ಬುಕ್ಕನ್ನು ತಾವೇ ಇಸಿದುಕೊಂಡು ನೋಡಿದರು. "ಇಷ್ಟು ಸರಿಯಾಗಿ ಬರೆದಿಟ್ಟವರನ್ನು ನಾನು ನೋಡಿಯೇ ಇಲ್ಲ. ಮಾರ್ಚಿನಲ್ಲಿ ಬಂದಿದ್ದರೆ ಗಡ್ಡೆ ತೆಗೆಯಬಹುದಿತ್ತು. ಈಗ ಅದು ಎಲ್ಲ ಕಡೆ ಹರಡಿದೆ" ಎಂದರು.

ಅವಳು ಮೂವತ್ನಾಲ್ಕು ದಿನ ಇದ್ದಳು. ಅವನು ಮಂಚದ ಪಕ್ಕ ಕೂತು ಅವಳ ಮುಖವನ್ನೇ ನೋಡುತ್ತಿದ್ದ. ಅಷ್ಟು ಹೊತ್ತಿಗೆ ಅದು ಬತ್ತಿಹೋಗಿತ್ತು. ಮೊದಲು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೆಣಗಿದ. ಬರಲಿಲ್ಲ. ಒಂಬತ್ತು ವರ್ಷದ ಅಂಕಗಳು ಮಾತ್ರ ನೆನಪಿಗೆ ಬಂದವು. ಒಂದು ದಿನ ಅವನು ಅಳುವುದನ್ನು ಅವಳು ಕಂಡಳು. "ನಿಮ್ಮದೇನು ತಪ್ಪು ರೀ? ಕ್ಯಾಮೆರಾ ಮೂರೂ ಸರಿಯಿರಲಿಲ್ಲ, ನಿಮ್ಮಿಂದೇನು ಮಾಡಲಾಗುತ್ತಿತ್ತು?" ಎಂದಳು. ಸಾಯುವ ತನಕ ಅವಳು ಅವನ ಮಾತನ್ನೇ ನಂಬಿದ್ದಳು. ಅಲ್ಲ ಕಣೇ, ಕ್ಯಾಮೆರಾ ಸರಿಯಾಗಿಯೇ ಇತ್ತು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಹೇಳದೆಯೇ ಕಳಿಸಿಕೊಟ್ಟ.

ತಿಥಿ ಮುಗಿಸಿ ಅವನು ಪತ್ರಿಕೆಗೆ ಒಂದು ಚೀಟಿ ಬರೆದು ಕಳಿಸಿದ. ಪ್ರಾಮಾಣಿಕ ಎಂದೆನಲ್ಲ, ಅದನ್ನು ಅವನು ಬಿಡಲಿಲ್ಲ. ಭಾನುವಾರ ಒಳಪುಟದ ಮೂಲೆಯಲ್ಲಿ ಅದು ಬಂತು. "ಮೂರು ಕ್ಯಾಮೆರಾಗಳಲ್ಲಿ ಮುಖದ ಬಣ್ಣ ಕೆಟ್ಟು ಬರುತ್ತದೆ ಎಂದು ಬರೆದದ್ದು ನನ್ನ ತಪ್ಪು. ಬಣ್ಣ ಇದ್ದದ್ದು ಇದ್ದಂತೆ ಬಂದಿತ್ತು." ಓದಿದವರಿಗೆ ಏನೂ ಅರ್ಥವಾಗಲಿಲ್ಲ. ಅಂಗಡಿಯವರಿಗೆ ಮಾತ್ರ ಸಂತೋಷವಾಯಿತು. ಅದಾದ ಮೇಲೆ ಅವನು ಬರೆಯಲಿಲ್ಲ. ಇನ್ನೊಂದು ಕ್ಯಾಮೆರಾ ಮನೆಗೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಶಲ್ಯದಿಂದ ಮುಖ ಒರೆಸಿಕೊಂಡರು. ಆದರೆ ಶಿಷ್ಯ ಕೇಳಲು ಬಂದದ್ದು ಅವನ ತಲೆಯಲ್ಲಿ ಇನ್ನೂ ಕೊರೆಯುತ್ತಿತ್ತು.

"ಹಾಗಾದರೆ ಗುರುಗಳೇ, ನಾಲ್ಕು ಅಂಕ ಬಂದ ಆ ಅಗ್ಗದ ಕ್ಯಾಮೆರಾ ಒಳ್ಳೆಯದೇ ಆಗಿತ್ತೇ?"

"ಆಗಿತ್ತಪ್ಪ, ಆ ಮನೆಯಲ್ಲಿ ಅವಳನ್ನು ನೋಡಿದ್ದು ಅದೊಂದೇ."